ದೊಡ್ಡಬಳ್ಳಾಪುರದ ಕಣ್ಣು: ವಿದ್ಯಾರ್ಥಿಗಳ ಭೂದೃಶ್ಯ ಛಾಯಾಗ್ರಹಣಕ್ಕೆ ರುಮಾಲೆ ಚನ್ನಬಸವಯ್ಯನವರ ಮಾದರಿ

ಭೂದೃಶ್ಯ ಛಾಯಾಗ್ರಹಣವನ್ನು ಅಧ್ಯಯನಕ್ಕೆ ಎತ್ತಿಕೊಂಡ ವಿದ್ಯಾರ್ಥಿಗೆ ಎದುರಾಗುವ ಮೊದಲ ಪ್ರಶ್ನೆ, ಯಾರಿಂದ ಕಲಿಯಬೇಕು ಎಂಬುದು. ರೂಢಿಯ ಉತ್ತರ: ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್. 1927ರಲ್ಲಿ ಹಾಫ್ ಡೋಮ್ ಬಂಡೆಯನ್ನು ಕೆಂಪು ಫಿಲ್ಟರ್ ಹಾಕಿ ತೆಗೆದು ಆಕಾಶವನ್ನು ಕಪ್ಪಾಗಿಸಿದ ಅವರಿಂದ, ಗುಂಡಿ ಒತ್ತುವ ಮೊದಲೇ ಚಿತ್ರವನ್ನು ಮನಸ್ಸಿನಲ್ಲಿ ಕಾಣುವ ಶಿಸ್ತು ದಕ್ಕುತ್ತದೆ. ಆದರೆ ಬೆಂಗಳೂರು ಗ್ರಾಮಾಂತರದಲ್ಲಿರುವುದು ಕೆರೆ ಏರಿ, ರಾಗಿ ಹೊಲ, ಗುಂಡುತೋಪು, ಒಂಟಿ ಬಂಡೆಬೆಟ್ಟ. ಈ ನೆಲವನ್ನು ನೋಡುವ ಬಗೆಯನ್ನು ಇದೇ ಸೀಮೆಯ ಚಿತ್ರಪರಂಪರೆಯಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ.

ಆ ಪರಂಪರೆಯ ಒಂದು ಕವಲು ಸೈನ್ಯದ ಜೊತೆ ಬಂದದ್ದು. 1791ರಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಪಡೆಯೊಂದಿಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಮೈಸೂರು ಸೀಮೆಯ ಕೋಟೆ, ದುರ್ಗಗಳನ್ನು ಚಿತ್ರಿಸಿದ. ಅವು 1794ರಲ್ಲಿ ಪುಸ್ತಕವಾಗಿ ಅಚ್ಚಾದವು. ಬೆಟ್ಟದ ಗಾತ್ರ, ದೂರ, ಬಯಲಿನ ಹರವು ಇವನ್ನು ಚೌಕಟ್ಟಿನೊಳಗೆ ಹೊಂದಿಸುವ ಪಾಠ ಅಲ್ಲಿದೆ. ಇಲ್ಲಿನ ಮಾಕಳಿದುರ್ಗ ಬೆಟ್ಟವನ್ನೋ ಶಿವಗಂಗೆ ಬೆಟ್ಟವನ್ನೋ ತೆಗೆಯುವವರಿಗೆ ಅದು ಬೇಕು. ಆದರೂ ಅದು ಗೆಲ್ಲಲು ಬಂದವರ ನೋಟ. ದುರ್ಗ ಅಲ್ಲಿ ಗುರಿಯಾಗಿ ಕಾಣುತ್ತದೆ.

ಇನ್ನೊಂದು ಕವಲು ಮನೆಯಂಗಳದ್ದು. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ಚಿತ್ರಕಾರ ರುಮಾಲೆ ಚನ್ನಬಸವಯ್ಯ ಸ್ವಾತಂತ್ರ್ಯ ಹೋರಾಟಕ್ಕಾಗಿ ಕುಂಚವನ್ನು ಬದಿಗಿಟ್ಟವರು. ಮತ್ತೆ ಕುಂಚ ಹಿಡಿದ ಮೇಲೆ 1988ರಲ್ಲಿ ತೀರಿಕೊಳ್ಳುವವರೆಗೂ ಬಯಲಿನಲ್ಲೇ ನಿಂತು ಜಲವರ್ಣ, ತೈಲವರ್ಣಗಳಲ್ಲಿ ನಿಸರ್ಗವನ್ನು ಬರೆದರು. ಗುಲ್‌ಮೊಹರ್, ಜಕರಂಡಾಗಳ ಹೂ ಅವರಲ್ಲಿ ಅಲಂಕಾರವಲ್ಲ, ಋತುವಿನ ಗುರುತು. ಒತ್ತೊತ್ತಾದ ಸಣ್ಣ ಬಣ್ಣದ ಗೀಟುಗಳಲ್ಲಿ ಬೆಳಕು ಎಲೆಯಿಂದೆಲೆಗೆ ಜಾರುತ್ತದೆ. ಛಾಯಾಗ್ರಾಹಕ ಇದರಿಂದ ಪಡೆಯಬೇಕಾದದ್ದು ಬಣ್ಣವನ್ನಲ್ಲ, ಕಾಯುವ ತಾಳ್ಮೆಯನ್ನು. ಒಂದೇ ಹೊಂಗೆ ಮರದೆದುರು ಚೈತ್ರದ ಚಿಗುರಿನಲ್ಲೂ ಮಾಗಿಯ ಮಂಜಿನಲ್ಲೂ ನಿಂತವರಿಗೆ ಈ ಮಾತು ತಿಳಿಯುತ್ತದೆ.

ಇಂದಿನ ಜಿಲ್ಲೆಗೆ ಇಷ್ಟೇ ಸಾಲದು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೊಲಗಳ ನಡುವೆ ಲೇಔಟಿನ ಗಡಿಕಲ್ಲುಗಳು ಎದ್ದಿವೆ. ಚಕ್ಕೋತದ ತೋಟಗಳ ಪಕ್ಕ ಹೆದ್ದಾರಿ ಹಾದುಹೋಗಿದೆ. ಇದನ್ನು ಚೌಕಟ್ಟಿನಿಂದ ಹೊರಗಿಟ್ಟು ಹಸಿರನ್ನಷ್ಟೇ ತೋರಿಸಿದರೆ ಚಿತ್ರ ಸುಳ್ಳಾಗುತ್ತದೆ. 1975ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ನಡೆದ ‘ನ್ಯೂ ಟೋಪೊಗ್ರಾಫಿಕ್ಸ್’ ಛಾಯಾಚಿತ್ರ ಪ್ರದರ್ಶನ ಮನುಷ್ಯ ಬದಲಿಸಿದ ನೆಲವನ್ನೇ ವಸ್ತುವಾಗಿಸಿತ್ತು. ರುಮಾಲೆಯವರ ಪ್ರೀತಿಗೆ ಆ ನಿಷ್ಠುರತೆಯೂ ಜೊತೆಯಾಗಬೇಕು.

ಪ್ರಭಾವವೆಂದರೆ ನಕಲಲ್ಲ. ಹೋಮ್‌ನಿಂದ ದೂರ, ರುಮಾಲೆಯವರಿಂದ ಬೆಳಕು, ನ್ಯೂ ಟೋಪೊಗ್ರಾಫಿಕ್ಸ್‌ನಿಂದ ಪ್ರಾಮಾಣಿಕತೆ: ಈ ಮೂರನ್ನೂ ಹೊಸಕೋಟೆಯ ಕೆರೆ ಏರಿಯ ಮೇಲೆ ಒರೆಗೆ ಹಚ್ಚಿದಾಗಲೇ ವಿದ್ಯಾರ್ಥಿಯ ಸ್ವಂತ ಕಣ್ಣು ತೆರೆಯುತ್ತದೆ. ರುಮಾಲೆಯವರ ಚಿತ್ರಸಂಗ್ರಹ ಬೆಂಗಳೂರಿನ ರಾಜಾಜಿನಗರದ ರುಮಾಲೆ ಹೌಸ್‌ನಲ್ಲಿ ಉಳಿದುಬಂದಿದೆ. ಕ್ಯಾಮೆರಾ ಎತ್ತಿಕೊಳ್ಳುವ ಮುನ್ನ ವಿದ್ಯಾರ್ಥಿಗಳು ಒಮ್ಮೆ ಆ ಚಿತ್ರಗಳೆದುರು ನಿಲ್ಲಲಿ, ಅಧ್ಯಾಪಕರು ಅವರನ್ನು ಅಲ್ಲಿಗೆ ಕರೆದೊಯ್ಯಲಿ.