ಮೂರು ರಾಯರ ಊರು ಕಲೋನ್

ಜನವರಿ 6 ಹತ್ತಿರ ಬಂತೆಂದರೆ ನಮ್ಮ ಮನೆಯ ಗೋದಲಿಗೆ ಹೊಸ ಕಳೆ. ದೂರದಲ್ಲಿ ನಿಲ್ಲಿಸಿದ್ದ ಮೂರು ರಾಯರ ಬೊಂಬೆಗಳನ್ನು ಮಕ್ಕಳು ದಿನಕ್ಕಿಷ್ಟು ಮುಂದೆ ಸರಿಸುತ್ತಾ, ಹಬ್ಬದ ದಿನ ಬಾಲಯೇಸುವಿನ ಪಾದದ ಬಳಿ ತಂದು ನಿಲ್ಲಿಸುತ್ತಾರೆ. ಚಿನ್ನ, ಧೂಪ, ರಕ್ತಬೋಳಗಳನ್ನು ಅರ್ಪಿಸಿ ಬೇರೆ ದಾರಿ ಹಿಡಿದು ಹಿಂದಿರುಗಿದ ಆ ಜ್ಞಾನಿಗಳು ಮುಂದೇನಾದರು? ಶುಭಸಂದೇಶ ಅದನ್ನು ಹೇಳುವುದಿಲ್ಲ. ಆದರೆ ಅವರದೆಂದು ಶತಮಾನಗಳಿಂದ ನಂಬಿಕೊಂಡು ಬಂದಿರುವ ಅಸ್ಥಿಗಳು ಜರ್ಮನಿಯ ಕಲೋನ್ ನಗರದಲ್ಲಿವೆ. ಈ ಹಬ್ಬದ ಸಂದರ್ಭದಲ್ಲಿ ಆ ಊರನ್ನೊಮ್ಮೆ ಸುತ್ತಿ ಬರೋಣ.

ರೈನ್ ನದಿಯ ದಡದ ಈ ಊರಿಗೆ ಕ್ರಿ.ಶ. 50ರಲ್ಲಿ ರೋಮನ್ನರು 'ಕೊಲೋನಿಯಾ', ಅಂದರೆ ವಸಾಹತು, ಎಂಬ ಸ್ಥಾನ ಕೊಟ್ಟರು. ಆ ಪದವೇ ಸವೆದು ಕಲೋನ್ ಆಯಿತು. 1164ರಲ್ಲಿ ಇಲ್ಲಿನ ಮಹಾಧರ್ಮಾಧ್ಯಕ್ಷ ರೈನಾಲ್ಡ್ ಅವರು ಮೂರು ರಾಯರ ಅವಶೇಷಗಳನ್ನು ಇಟಲಿಯ ಮಿಲಾನಿನಿಂದ ತಂದರು. ಅವು ಪ್ರೀತಿಯ ಕಾಣಿಕೆಯಾಗಿ ಬಂದವಲ್ಲ. ಸಾಮ್ರಾಟ ಫ್ರೆಡ್ರಿಕ್ ಬಾರ್ಬರೋಸ ಮಿಲಾನನ್ನು ಗೆದ್ದಾಗ ಕೈಸೇರಿದವು. ಅವುಗಳಿಗಾಗಿ ವೆರ್ದುನಿನ ನಿಕೋಲಾಸ್ ಎಂಬ ಅಕ್ಕಸಾಲಿಗ ಮತ್ತು ಅವನ ನಂತರದವರು ಚಿನ್ನದ ಹೊದಿಕೆಯ ಪೆಟ್ಟಿಗೆಯೊಂದನ್ನು ಮಾಡಿದರು. ಇಂದಿಗೂ ಪ್ರಧಾನಾಲಯದ ಮುಖ್ಯ ಪೀಠದ ಹಿಂದೆ ಅದನ್ನು ಕಾಣಬಹುದು.

ಯಾತ್ರಿಕರ ಸಂಖ್ಯೆ ಹೆಚ್ಚಿತು, ಹಳೆಯ ದೇವಾಲಯ ಸಾಲದಾಯಿತು. 1248ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಂದೇ, ಹೊಸ ದೇವಾಲಯಕ್ಕೆ ಅಡಿಗಲ್ಲು ಬಿತ್ತು. 16ನೇ ಶತಮಾನದಲ್ಲಿ ಕೆಲಸ ನಿಂತುಹೋಯಿತು. ಅರ್ಧ ಕಟ್ಟಿದ ಗೋಪುರದ ಮೇಲೆ ಕಲ್ಲು ಎತ್ತುವ ಮರದ ಯಂತ್ರವೊಂದು ಮುನ್ನೂರಕ್ಕೂ ಹೆಚ್ಚು ವರ್ಷ ಹಾಗೆಯೇ ನಿಂತಿತ್ತು. 1842ರಲ್ಲಿ ಮತ್ತೆ ಶುರುವಾದ ಕೆಲಸ ಮುಗಿದದ್ದು 1880ರಲ್ಲಿ. ಅಡಿಗಲ್ಲು ಹಾಕಿದವರ ಮೊಮ್ಮಕ್ಕಳ ಮೊಮ್ಮಕ್ಕಳೂ ಪೂರ್ತಿ ಗೋಪುರವನ್ನು ನೋಡಲಿಲ್ಲ. ಸುಮಾರು 157 ಮೀಟರ್ ಎತ್ತರದ ಈ ಜೋಡಿಗೋಪುರಗಳಲ್ಲಿ ಒಂದನ್ನು 533 ಮೆಟ್ಟಿಲು ಹತ್ತಿ ನೋಡಬಹುದು. ಒಳಗೆ 10ನೇ ಶತಮಾನದ ಗೇರೋ ಶಿಲುಬೆಯ ಮುಂದೆ ತಪ್ಪದೆ ನಿಲ್ಲಬೇಕು. ಕಣ್ಣು ಮುಚ್ಚಿ, ತಲೆ ಬಾಗಿಸಿ, ಪ್ರಾಣಬಿಟ್ಟ ಯೇಸುವನ್ನು ಅಲ್ಲಿ ಕಾಣುತ್ತೇವೆ.

ಇದೇ ದೇವಾಲಯದಲ್ಲಿ ಬಹಳ ಪ್ರವಾಸಿಗರು ಗಮನಿಸದ ಇನ್ನೊಂದು ವಸ್ತುವಿದೆ. ಅದು 1266ರ ಒಂದು ಶಿಲಾಶಾಸನ. ಊರಿನ ಯೆಹೂದ್ಯರು ತಮ್ಮ ಸ್ಮಶಾನದಲ್ಲಿ ಅಡ್ಡಿಯಿಲ್ಲದೆ ಶವಸಂಸ್ಕಾರ ಮಾಡಬಹುದು, ಕ್ರೈಸ್ತರಿಗಿಂತ ಹೆಚ್ಚು ಸುಂಕ ಕೊಡಬೇಕಿಲ್ಲ ಎಂದು ಮಹಾಧರ್ಮಾಧ್ಯಕ್ಷರು ಕೊಟ್ಟ ಮಾತು ಅದರಲ್ಲಿದೆ. ಕಲೋನಿನಲ್ಲಿ ಯೆಹೂದ್ಯರಿದ್ದರು ಎನ್ನುವುದಕ್ಕೆ 321ರಷ್ಟು ಹಿಂದಿನ ದಾಖಲೆಯಿದೆ. ಆದರೆ ಕಲ್ಲಿನಲ್ಲಿ ಕೆತ್ತಿದ ಮಾತೂ ಉಳಿಯಲಿಲ್ಲ. 1349ರಲ್ಲಿ ಅವರ ಕೇರಿಗೆ ನುಗ್ಗಿ ಕೊಲೆಗೈದರು. 1424ರಲ್ಲಿ ಉಳಿದವರನ್ನೂ ಊರಿನಿಂದ ಹೊರದಬ್ಬಿದರು. ದೇವಾಲಯದ ಗಾಯಕವೃಂದದ ಮರದ ಆಸನಗಳಲ್ಲಿ ಅವರನ್ನು ಹೀಯಾಳಿಸುವ ಕೆತ್ತನೆಯೂ ಇದೆ. ಯೆಹೂದ್ಯರ ಅರಸನನ್ನು ಹುಡುಕುತ್ತಾ ಬಂದವರ ಅಸ್ಥಿಗಳನ್ನು ಪೂಜ್ಯಭಾವದಿಂದ ಕಾಯ್ದ ಊರು, ಆ ಅರಸನ ಕುಲದವರನ್ನೇ ಓಡಿಸಿತು. ಇದು ನಮ್ಮವರದೇ ಕಥೆಯಾದ್ದರಿಂದ ನಾವು ಇದನ್ನು ಮುಚ್ಚಿಡಬಾರದು.

ದೇವಾಲಯದಿಂದ ನಡೆದು ಹೋಗುವಷ್ಟು ದೂರದಲ್ಲಿ ಎಲ್‌ಡೇ ಭವನವಿದೆ. 1935ರಿಂದ 1945ರವರೆಗೆ ಅದು ನಾಜಿ ರಹಸ್ಯ ಪೊಲೀಸರ ಠಾಣೆಯಾಗಿತ್ತು. ನೆಲಮಾಳಿಗೆಯ ಸೆರೆಕೋಣೆಗಳ ಗೋಡೆಗಳಲ್ಲಿ ಬಂದಿಗಳು ಗೀಚಿದ ಸುಮಾರು 1,800 ಬರಹಗಳು ಉಳಿದಿವೆ. ಯೆಹೂದ್ಯ ಕುಟುಂಬದಲ್ಲಿ ಹುಟ್ಟಿ ಕ್ರೈಸ್ತರಾದ ಎಡಿತ್ ಸ್ಟೈನ್ 1933ರಲ್ಲಿ ಸೇರಿದ್ದು ಇದೇ ಊರಿನ ಕಾರ್ಮೆಲ್ ಮಠವನ್ನು. 1938ರ ಕೊನೆಯಲ್ಲಿ ಅವರು ಹಾಲೆಂಡಿಗೆ ಹೋದರು. ಅಲ್ಲಿಯೂ ಬಿಡದೆ ಹಿಡಿದೊಯ್ದು, 1942ರ ಆಗಸ್ಟಿನಲ್ಲಿ ಆಷ್‌ವಿಟ್ಜ್‌ನಲ್ಲಿ ಕೊಂದರು. 1998ರಲ್ಲಿ ಎರಡನೇ ಜಾನ್ ಪೌಲರು ಅವರಿಗೆ ಸಂತ ಪದವಿ ನೀಡಿದರು.

ಯುದ್ಧ ಕಲೋನನ್ನೂ ಬಿಡಲಿಲ್ಲ. 1942ರ ಮೇ 30ರ ರಾತ್ರಿ ಸುಮಾರು ಸಾವಿರ ವಿಮಾನಗಳು ಬಾಂಬು ಸುರಿದವು. ಮುಂದಿನ ದಾಳಿಗಳಲ್ಲಿ ಹಳೆಯ ಊರು ಬಹುಪಾಲು ನೆಲಸಮವಾಯಿತು. ಹಲವು ಬಾಂಬು ಬಿದ್ದರೂ ಪ್ರಧಾನಾಲಯ ನಿಂತೇ ಇತ್ತು. ಸಂತ ಕೊಲುಂಬಾ ದೇವಾಲಯ ಮಾತ್ರ ಕುಸಿಯಿತು. ಅದರ ಅವಶೇಷಗಳ ನಡುವೆ ಮರಿಯಮ್ಮನವರ ಕಲ್ಲಿನ ಪ್ರತಿಮೆ ಉಳಿದಿತ್ತು. ಅವರಿಗಾಗಿ ಕಟ್ಟಿದ ಪುಟ್ಟ ಗುಡಿಯಲ್ಲಿ ಜನ ಇಂದಿಗೂ ಮೇಣದಬತ್ತಿ ಹಚ್ಚುತ್ತಾರೆ.

2005ರ ಆಗಸ್ಟಿನಲ್ಲಿ ವಿಶ್ವ ಯುವ ದಿನಕ್ಕೆ ಲಕ್ಷಾಂತರ ಯುವಜನರು ಇಲ್ಲಿಗೆ ಬಂದರು. ಮೂರು ರಾಯರ ಆರಾಧನೆಯೇ ಅದರ ಧ್ಯೇಯವಾಗಿತ್ತು. ಆಗ ಜಗದ್ಗುರುಗಳಾಗಿದ್ದ, ಜರ್ಮನಿಯವರೇ ಆದ ಹದಿನಾರನೇ ಬೆನೆಡಿಕ್ಟರು ಆಗಸ್ಟ್ 19ರಂದು ಯೆಹೂದ್ಯರ ಪ್ರಾರ್ಥನಾಮಂದಿರಕ್ಕೂ ಹೋದರು. 1938ರಲ್ಲಿ ನಾಜಿಗಳು ಹಾಳುಗೆಡವಿದ್ದ, ಯುದ್ಧದ ನಂತರ ಮತ್ತೆ ಕಟ್ಟಿದ ಮಂದಿರವದು.

ಪ್ರಿಯರೇ, ಕಲೋನಿಗೆ ಹೋದವರು ತಲೆಯೆತ್ತಿ ಗೋಪುರ ನೋಡುತ್ತಾರೆ. ತಲೆ ಬಗ್ಗಿಸಿಯೂ ನೋಡಬೇಕು. ಅಲ್ಲಿನ ಕಾಲುದಾರಿಗಳಲ್ಲಿ ಅಂಗೈಯಗಲದ ಹಿತ್ತಾಳೆ ಫಲಕಗಳಿವೆ. ನಾಜಿಗಳಿಗೆ ಬಲಿಯಾದವರ ಹೆಸರನ್ನು ಅವರು ಬದುಕಿದ್ದ ಮನೆಯ ಮುಂದೆಯೇ ಹೀಗೆ ನೆಲದಲ್ಲಿ ಹುದುಗಿಸಿದ್ದಾರೆ. ಅವನ್ನು ಓದಬೇಕಾದರೆ ಬಾಗಲೇಬೇಕು. ರಾಯರೂ ಬೆತ್ಲೆಹೇಮಿನಲ್ಲಿ ಬಾಗಿದರು. ಬರುವ ಹಬ್ಬಕ್ಕೆ ಗೋದಲಿಯ ಮುಂದೆ ಮೊಣಕಾಲೂರುವಾಗ, ನಮ್ಮ ಊರಿನಲ್ಲಿ ನಾವು ಯಾರನ್ನು ಹೊರಗಿಟ್ಟಿದ್ದೇವೆಂದು ಒಮ್ಮೆ ಕೇಳಿಕೊಳ್ಳೋಣ. ಅಂದು ರಾಯರು ಬೇರೆ ದಾರಿ ಹಿಡಿದಂತೆ ನಮಗೂ ಬೇರೆ ದಾರಿ ಕಾಣಲಿ.