ಲಂಟಾನದ ಹೂವು: ಅರ್ಧಕ್ಕೆ ಬಿಟ್ಟಿದ್ದ ಉತ್ತರ

1982ರ ಸುಮಾರಿಗೆ ಹುಣಸೂರು ಸೀಮೆಯ ಶಾಲೆಯೊಂದರಲ್ಲಿದ್ದಾಗ ಏಳನೆಯ ತರಗತಿಯ ಮಕ್ಕಳನ್ನು ಬೇಲಿ ಗಿಡಗಳ ಬಳಿಗೆ ಕರೆದೊಯ್ದಿದ್ದೆ. ಹೆಗ್ಗಡದೇವನಕೋಟೆ ಕಡೆಯ ಹುಡುಗಿಯೊಬ್ಬಳು ಲಂಟಾನದ ಗೊಂಚಲನ್ನು ಕಿತ್ತು ತಂದು, "ಸಾರ್, ನಡುವಿನವು ಹಳದಿ, ಅಂಚಿನವು ಕೆಂಪು, ಯಾಕೆ?" ಎಂದು ಕೇಳಿದಳು. ಅಂಚಿನವು ಮೊದಲು ಅರಳುತ್ತವೆ, ಹಳತಾದಂತೆ ಕೆಂಪಾಗುತ್ತವೆ ಎಂದು ಹೇಳಿ ಮುಂದೆ ನಡೆದೆ. ಅದು ಅರ್ಧ ಉತ್ತರವೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ.

ಉಳಿದರ್ಧವನ್ನು ಹುಡುಕಿದವರು ಮೈಸೂರಿನಲ್ಲಿ ಹುಟ್ಟಿ, ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಚ್. ವೈ. ಮೋಹನ್ ರಾಮ್ (1930–2018). ಪತ್ರಿಕೋದ್ಯಮಿ ಎಚ್. ವೈ. ಶಾರದಾಪ್ರಸಾದರ ತಮ್ಮ ಎಂದರೆ ಹಿರಿಯರಿಗೆ ಬೇಗ ಗುರುತು ಸಿಕ್ಕೀತು. ಅವರೂ ಜಿ. ಮಾಥುರ್ ಅವರೂ 1978ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಈ ಹೂವಿಗೆ ಪರಾಗ ಮುಟ್ಟಿಸುವುದು ಥ್ರಿಪ್ಸ್ ನುಸಿ. ನಮ್ಮ ಮೆಣಸಿನಕಾಯಿ ಬೆಳೆಗಾರರು ಶಪಿಸುವ ನುಸಿಯ ಬಳಗದ್ದೇ. ಅದಕ್ಕೆ ಹಿಡಿಸುವುದು ಹಳದಿ ಹೂವು. 1984ರಲ್ಲಿ ಅವರು ಇನ್ನೊಂದು ಸಂಗತಿಯನ್ನು ತೋರಿಸಿದರು: ಪರಾಗಸ್ಪರ್ಶವೇ ಕೆಂಪು ವರ್ಣದ್ರವ್ಯದ ತಯಾರಿಕೆಗೆ ಚಾಲನೆ ಕೊಡುತ್ತದೆ. ಅಂದರೆ ಕೆಂಪಾಗುವುದು ಬರಿಯ ಮುಪ್ಪಲ್ಲ. ಇಲ್ಲಿಯ ಕೆಲಸ ಮುಗಿಯಿತು, ಹಳದಿಯ ಕಡೆಗೆ ಹೋಗು ಎಂದು ನುಸಿಗೆ ಹೇಳಿದಂತೆ.

ಗಿಡದ ಒಳಗಿನ ಲೆಕ್ಕ ಇನ್ನೂ ವಿಚಿತ್ರ. ಅಮೆರಿಕದ ಉಷ್ಣವಲಯದ ಈ ಪೊದೆ 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಬಣ್ಣದ ಆಸೆಗೆ ತೋಟಗಾರರು ತಳಿಗಳನ್ನು ಬೆರೆಸುತ್ತಲೇ ಹೋದರು. ಇದರ ವರ್ಣತಂತುಗಳ ಮೂಲಸಂಖ್ಯೆ 11. ಆದರೆ ಗಿಡಗಳಲ್ಲಿ 22 ಮಾತ್ರವಲ್ಲ, 33, 44, 55, 66 ಕೂಡ ಎಣಿಕೆಗೆ ಸಿಕ್ಕಿವೆ. 33 ಇದ್ದಾಗ ಸಮಪಾಲು ಆಗುವುದಿಲ್ಲ. ಪರಾಗದ ಬಹುಪಾಲು ಜೊಳ್ಳು. ಪಾಠದ ಪ್ರಕಾರ ವಂಶ ಅಲ್ಲಿಗೇ ನಿಲ್ಲಬೇಕು. ಲಂಟಾನ ಪಾಠ ಓದಿಲ್ಲ! ಹೆಣ್ಣಿನ ಕಡೆಯ ಕೆಲವು ಕೋಶಗಳು ವರ್ಣತಂತುಗಳನ್ನು ಅರ್ಧ ಮಾಡದೆ ಹಾಗೆಯೇ ಉಳಿಸಿಕೊಳ್ಳುವುದರಿಂದ ಕೆಲವು ತಳಿಗಳಲ್ಲಿ ಬೀಜ ಕಟ್ಟುತ್ತದೆ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಊರೂರಿಗೆ ಹಂಚುತ್ತವೆ.

ನಾಗರಹೊಳೆ, ಬಂಡೀಪುರಗಳ ಅಂಚಿನಲ್ಲಿ ದನ ಮೇಯಿಸಿದವರಿಗೆ ಇದರ ಫಲ ಗೊತ್ತು. ಪೊದೆಯಡಿ ಹುಲ್ಲು ಸೊರಗುತ್ತದೆ. ಹಸಿದ ದನ ಸೊಪ್ಪಿಗೆ ಬಾಯಿ ಹಾಕಿದರೆ ಪಿತ್ತಕೋಶ, ಯಕೃತ್ತು ಕೆಟ್ಟು, ಬಿಸಿಲಿಗೆ ಚರ್ಮ ಸುಡುತ್ತದೆ. ನಮ್ಮ ಮನೆಯ ಕಂದು ಹಸು ಹೀಗೆಯೇ ಹೋಯಿತು.

ಆ ಹುಡುಗಿಗೆ ಈಗ ಮೊಮ್ಮಕ್ಕಳಿದ್ದಾರಂತೆ. ಈ ಬರಹವನ್ನು ಯಾರಾದರೂ ಅವಳಿಗೆ ಓದಿ ಹೇಳಿ.