ಹಿತ್ತಾಳೆ ವಾದ್ಯಗಳು: ತುಟಿಯ ಅದುರಿನಿಂದ ನಾದ

ಟ್ರಂಪೆಟ್‌ಗೆ ಬರೀ ಗಾಳಿ ಊದಿದರೆ ನಾದ ಹೊರಡದು. ಬಟ್ಟಲಿನಾಕಾರದ ಮೌತ್‌ಪೀಸ್‌ಗೆ ಬಿಗಿದ ತುಟಿಗಳನ್ನು ಒತ್ತಿ ಊದಿದಾಗ ತುಟಿಗಳು ಅದುರುತ್ತವೆ. ಕೊಳವೆಯೊಳಗಿನ ಗಾಳಿಯೂ ಅವುಗಳೊಂದಿಗೆ ಕಂಪಿಸುತ್ತದೆ. ಹಿತ್ತಾಳೆಯಿಂದಲೇ ಮಾಡಿದ ಸ್ಯಾಕ್ಸೊಫೋನ್‌ನಲ್ಲಿ ಅದುರುವುದು ರೀಡ್ ಎಂಬ ತೆಳು ಪಟ್ಟಿ. ಹಾಗಾಗಿ ಅದು ಹಿತ್ತಾಳೆ ವಾದ್ಯಗಳ ಗುಂಪಿಗೆ ಸೇರುವುದಿಲ್ಲ. ನಮ್ಮ ಕೊಂಬು, ಕಹಳೆಗಳು ಸೇರುತ್ತವೆ.

ಸ್ವರ ಬದಲಾಗುವುದು ಹೇಗೆ?
ತುಟಿ ಬಿಗಿದಷ್ಟೂ ಸ್ವರ ಏರುತ್ತದೆ, ಕೊಳವೆ ಉದ್ದವಾದಷ್ಟೂ ಇಳಿಯುತ್ತದೆ. ಕೊಂಬು, ಬ್ಯೂಗಲ್‌ಗಳ ಕೊಳವೆಯ ಉದ್ದ ಬದಲಾಗದು. ಅವುಗಳಲ್ಲಿ ಕೆಲವೇ ಸ್ವರಗಳು ಹೊರಡುತ್ತವೆ. 1818ರಲ್ಲಿ ಹೈನ್ರಿಖ್ ಸ್ಟೋಲ್ಟ್ಸೆಲ್ ಮತ್ತು ಫ್ರೀಡ್ರಿಖ್ ಬ್ಲೂಮೆಲ್ ಬರ್ಲಿನ್‌ನಲ್ಲಿ ಕವಾಟಕ್ಕೆ ಪೇಟೆಂಟ್ ಪಡೆದರು. ಕವಾಟದ ಗುಂಡಿ ಒತ್ತಿದರೆ ಗಾಳಿ ಹೆಚ್ಚುವರಿ ಕೊಳವೆಯನ್ನು ಸುತ್ತಿ ಬರುತ್ತದೆ. ಟ್ರಂಪೆಟ್‌ನ ನಡುವಿನ ಗುಂಡಿ ಅರ್ಧ ಸ್ವರ, ಮೊದಲನೆಯದು ಒಂದು, ಮೂರನೆಯದು ಒಂದೂವರೆ ಸ್ವರ ಇಳಿಸುತ್ತದೆ.

ಮುಖ್ಯ ಬಗೆಗಳು
ಟ್ರಂಪೆಟ್: ಸುಮಾರು 1.5 ಮೀಟರ್ ಕೊಳವೆ, ತೀಕ್ಷ್ಣ ದನಿ.
ಫ್ರೆಂಚ್ ಹಾರ್ನ್: ಸುರುಳಿ ಸುತ್ತಿದ ಸುಮಾರು 3.7 ಮೀಟರ್ ಕೊಳವೆ. ವಾದಕರು ಅದರ ಅಗಲ ಬಾಯೊಳಗೆ ಬಲಗೈ ಇಟ್ಟು ನಾದವನ್ನು ತಿದ್ದುತ್ತಾರೆ.
ಟ್ರೊಂಬೋನ್: ಗುಂಡಿಗಳ ಬದಲು ಜಾರುವ ಕೊಳವೆ, ಅದಕ್ಕೆ ಏಳು ಸ್ಥಾನಗಳು.
ಟ್ಯೂಬಾ: ಬಳಗದ ಮಂದ್ರ ದನಿ, 1835ರಲ್ಲಿ ಪ್ರಷ್ಯಾದಲ್ಲಿ ಪೇಟೆಂಟ್ ಪಡೆಯಿತು. ದೊಡ್ಡ ಟ್ಯೂಬಾದ ಕೊಳವೆ ಸುಮಾರು 5.5 ಮೀಟರ್.

ಗಮನಿಸಿ
ಟ್ರಂಪೆಟ್‌ನ ಬಾಗಿದ ಕೊಳವೆಯ ಮೇಲೆ ಚಿಕ್ಕದೊಂದು ಕೀಲಿದೆ. ಉಸಿರಿನ ತೇವ ಒಳಗೆ ತಣಿದು ನೀರಾಗಿ ನಿಂತರೆ ನಾದದ ಜೊತೆ ಗುಳುಗುಳು ಸದ್ದು ಬೆರೆಯುತ್ತದೆ. ವಾದಕರು ಈ ಕೀಲನ್ನು ಒತ್ತಿ, ಊದಿ, ನೀರನ್ನು ಹೊರಹಾಕುತ್ತಾರೆ.